ಭಾನುವಾರದ ನೀರು

ಮೊದಲು ಫೋನು.
ನೀರಿಗಿಳಿಯುವ ಮುನ್ನ ಎಷ್ಟೋ ಹರದಾರಿ ಮೇಲಿನ
ಗೇಟನ್ನು ಕೇಳಬೇಕು.
ಕಡಲಿನವರಿಗಾದರೆ ಚಂದ್ರ ಇದ್ದಾನೆ, ಪಂಚಾಂಗವಿದೆ,
ಉಬ್ಬರ ಇಷ್ಟೊತ್ತಿಗೆ, ಇಳಿತ ಅಷ್ಟೊತ್ತಿಗೆ.
ನಮಗೆ ನಾರಾಯಣಪುರದ ರಾತ್ರಿಪಾಳಿಯ ಶಾಂತಪ್ಪ,
ಬಾಯ್ತುಂಬ ಎಲೆಯಡಿಕೆ:
"ಈಗೇನೂ ಬಿಟ್ಟಿಲ್ರಿ. ಮುಂಜಾನಿದು ಮುಂಜಾನಿಗೆ."

ಅಡುಗೆಮನೆ ನೆಲದ ಮೇಲೆ ನಕಾಶೆ,
ಮೂಲೆ ಏಳದಂತೆ ನಾಲ್ಕು ಡಬ್ಬಿ:
ಜೀರಿಗೆ, ಸಾಸಿವೆ, ಚಹಾಪುಡಿ, ಒಂದು ಖಾಲಿ.
ಜಹೀರಾ ಪೆನ್ಸಿಲ್ಲು ಹಿಡಿದು ಕೃಷ್ಣೆಯನ್ನೇ ತಿದ್ದುತ್ತಾಳೆ:
"ಇಲ್ಲಿ ನೀರು ಅಂತ ಬರದಾರ, ಇದು ಬಂಡಿಗಲ್ಲು.
ಇಲ್ಲಿ ಬಂಡಿಗಲ್ಲು ಅಂದಾರ, ಇದು ಮೊಸಳಿ."

ಇಪ್ಪತ್ತು ವರ್ಷದಿಂದ ಹುಡುಗರಿಗೆ ಭೂಗೋಳ ಹೇಳುವವಳು,
ಭೂಮಿಯ ಮುಕ್ಕಾಲು ಪಾಲು ಕಡಲು ಎಂದು
ಕಡಲು ಕಾಣದೆಯೇ ಹೇಳಿದವಳು.
ನಾನು ಶಕ್ತಿನಗರದಲ್ಲಿ ಬೂದಿ ಲಾರಿಗಳ ಲೆಕ್ಕ ಬರೆಯುವವಳು.
ವಾರಕ್ಕೆ ಆರು ದಿನ ಬೂದಿ,
ಏಳನೆಯದು ಇಲ್ಲಿ, ಈ ನೀಲಿ ಗೆರೆಯ ಮೇಲೆ:
ದೇವಸೂಗೂರು ಸೇತುವೆಯ ಕೆಳಗಿಂದ ಹೊರಟು
ಗಡ್ಡೆಯ ಎಡಕ್ಕೆ ಸರಿದು (ಬಲಕ್ಕೆ ಸುಳಿ),
ಬುತ್ತಿ ಬಿಚ್ಚುವುದು ಮರಳದಿಬ್ಬದ ಮೇಲೆ,
ದಿಬ್ಬ ಇನ್ನೂ ಅಲ್ಲೇ ಇದ್ದರೆ.
ಗಾಳಿ ಮಧ್ಯಾಹ್ನಕ್ಕೆ ತಿರುಗಿ ಎದೆಗೆ ಬಡಿಯುತ್ತದೆ,
ಅಷ್ಟರೊಳಗೆ ಆತ್ಕೂರಿನ ದಂಡೆ ಹಿಡಿಯಬೇಕು.

ದೋಣಿ ಮಾತ್ರ ಕಡಲಿನದು.
ಹೊನ್ನಾವರದ ಕಡೆ ಯಾವುದೋ ರೆಸಾರ್ಟು ಮುಚ್ಚಿ
ಮಾರಿದ ಹಳದಿ ಕಯಾಕು, ಎರಡು ಕುಳಿ, ಬಾಲದಲ್ಲಿ ಒಂದು ತೇಪೆ.
ಮೆಣಸಿನಕಾಯಿ ಇಳಿಸಿ ಮರಳುವ ಲಾರಿಯಲ್ಲಿ
ಘಟ್ಟ ಹತ್ತಿ ಬಂತು.
ತೊಳೆದದ್ದೇ ತೊಳೆದದ್ದು, ವಾರವಿಡೀ ಸೀನಿದೆವು,
ಸೀನುತ್ತಲೇ ಒಳಗೆ ಕೈಹಾಕಿದರೆ
ಬೆರಳಿಗೆ ತಾಗಿತು ಒಂದು ಕಪ್ಪೆಚಿಪ್ಪು.
ಜಹೀರಾ ಅದನ್ನು ಕಿವಿಗಿಟ್ಟುಕೊಂಡಳು.
ನಾನು ನಾಲಗೆಗೆ.

ಹರಿಗೋಲಿನ ತಾಯಪ್ಪ ನೋಡಿ ನಕ್ಕೇ ನಕ್ಕ:
"ಏನ್ ಸೂಗಮ್ಮ ಇದು, ಸವತಿಕಾಯಿ?
ಹರಿಗೋಲು ಗರಗರ ತಿರುಗಿದ್ರೂ
ನಾಕೂ ದಿಕ್ಕು ನೋಡ್ಕೊಂಡು ದಡಕ್ಕ ಬರ್ತದ.
ಇದು ಮೂಗಿದ್ದ ಕಡಿಗೆ ಅಷ್ಟ ಓಡ್ತದ."

ಆದರೂ ಚೀಟಿ ಅವನಿಗೇ ಕೊಡಬೇಕು.
ಕರೆಂಟು ಬಿಲ್ಲಿನ ಹಿಂದೆ ಬರೆದಿದ್ದೇವೆ:
ಇಬ್ಬರು. ಹಳದಿ ದೋಣಿ. ಒಂದು ಸೀಟಿ, ಎರಡು ಜಾಕೀಟು,
ಹತ್ತು ಮಾರು ಹಗ್ಗ, ಎಂಟು ರೊಟ್ಟಿ, ಶೇಂಗಾ ಹಿಂಡಿ.
ವಾಪಸ್ಸು ಬರುವ ಹೊತ್ತು:
ಅಲ್ಲಿ ಪೆನ್ನು ನಿಂತಿತು.
ತಾಯಪ್ಪನಿಗೆ ಓದು ಬಾರದು, ಗಡಿಯಾರ ಬೇಡ.
ಚೀಟಿ ಮಡಿಚಿ ರುಮಾಲಿನ ಸುತ್ತಿಗೆ ಸಿಗಿಸಿ ಅಂದ,
"ಚಿಮಣಿ ನೆಳ್ಳು ನನ್ನ ಹರಿಗೋಲಿಗೆ ಹತ್ತೂದ್ರಾಗ
ಫೋನು ಬರ್ಲಿಲ್ಲಂದ್ರ ನಾನ ಹೊಂಡ್ತೀನಿ.
ಬೈಕೋತ ಬರ್ತೀನಿ, ಅದೂ ಬರಕೋ."
ಬರೆದುಕೊಂಡೆವು.

ಹನ್ನೊಂದು ದಾಟಿದೆ.
ಜಹೀರಾಗೆ ಈಗ ಚಿಪ್ಪಿನ ಚಿಂತೆ:
ನಾಳೆ ನಡುಹೊಳೆಯಲ್ಲಿ ಬಿಟ್ಟರೆ
ಪಡುವಣ ಕಡಲಿನದು ಮೂಡಣ ಕಡಲು ಸೇರೀತೆ?
"ನಡುವ ಎಷ್ಟು ಗೇಟು, ಎಷ್ಟು ಮಂದಿ ಶಾಂತಪ್ಪ!
ಎಲ್ಲಾರಿಗೂ ಫೋನು ಮಾಡ್ಬೇಕಾಗ್ತದ."
ನಕ್ಕು ಹಾಗೇ ನಕಾಶೆಯ ಮೇಲೆ ನಿದ್ದೆಹೋದಳು,
ಮೊಣಕೈ ತೆಲಂಗಾಣದೊಳಗೆ.

ನಾಲ್ಕಕ್ಕೆ ಅವನೇ ಮಾಡಿದ.
ಈ ಸಲ ಬಾಯಿ ಖಾಲಿ, ಮಾತು ಸ್ಪಷ್ಟ:
"ಎರಡು ಗೇಟು ಎತ್ತಿವ್ರಿ ಈಗ. ನಿಮ್ಮ ಕಡಿ ಬರಾಕ ನಾಳಿ ಆಗ್ತದ.
ಇವತ್ತು ನಿಮ್ದು."

ಫೋನು ಕೆಳಗಿಟ್ಟು ಕೂತೆ.
ಎಲ್ಲೋ ಮೇಲೆ, ಕತ್ತಲಲ್ಲಿ,
ನಮಗಿಂತ ಮೊದಲೇ ಹೊರಟುಬಿಟ್ಟಿದೆ ಅದು,
ನಮ್ಮ ಬೆನ್ನಿಗೆ ಒಂದು ದಿನದಷ್ಟು ಹಿಂದೆ.
ಖಾಲಿ ಡಬ್ಬಿಗೆ ಚಿಪ್ಪು ಹಾಕಿ ಮುಚ್ಚಳ ತಿರುಗಿಸಿದೆ.
ಏಳೇ ಜಹೀರಾ.
ಬಾಲದ ಕಡೆ ನೀ ಹಿಡಿ.